ತವರಿನ ಅಂಗಳಕ್ಕೆ ಗಾಲಿಯ ಮನೆ: ಕಡೂರು ಸೀಮೆಗೆ ಕ್ಯಾರವಾನ್‌ನಲ್ಲಿ ಹೊರಡುವ ಮುನ್ನ

ಕಡೂರು, ತರೀಕೆರೆ, ಅಜ್ಜಂಪುರ ಸೀಮೆಯಲ್ಲಿ ಬಾಳಿ ಬದುಕಿ, ಈಗ ಬೆಂಗಳೂರಿನ ಬಡಾವಣೆಗಳಲ್ಲಿ ಮಕ್ಕಳ ಮನೆ ಸೇರಿರುವ ಹಿರಿಯರು ಅನೇಕ. ಊರಿನ ಜಾತ್ರೆ, ಅಣ್ಣನ ಮೊಮ್ಮಗಳ ಮದುವೆ, ಪಕ್ಷಮಾಸದ ಎಡೆ ಎಂದಾಗಲೆಲ್ಲ ಅವರ ಮನಸ್ಸು ಹೊರಟು ನಿಲ್ಲುತ್ತದೆ, ದೇಹ ಒಪ್ಪುವುದಿಲ್ಲ. ದೂರವೇನೂ ಅಂಥದ್ದಲ್ಲ. ತುಮಕೂರು, ತಿಪಟೂರು, ಅರಸೀಕೆರೆ ಮಾರ್ಗವಾಗಿ ಕಡೂರಿಗೆ ಇನ್ನೂರು ಕಿ.ಮೀ.ಗೆ ತುಸು ಹೆಚ್ಚು. ಅಡ್ಡಿಯಾಗಿರುವುದು ದೂರವಲ್ಲ, ಶೌಚಾಲಯ. ಮಂಡಿನೋವು, ಸಕ್ಕರೆ ಕಾಯಿಲೆ, ಗಂಟೆಗೊಮ್ಮೆ ಎದ್ದು ಹೋಗಬೇಕಾದ ಅನಿವಾರ್ಯ. ದಾರಿಯಲ್ಲಿ ಕಾಲಿಡಲಾಗದ ಶೌಚಾಲಯಗಳು. ತಲುಪಿದ ಮೇಲೆ ಹಳೆಯ ಮನೆಯ ಹಿತ್ತಿಲ ತುದಿಯಲ್ಲಿ ಕುಕ್ಕರಗಾಲಿನಲ್ಲಿ ಕೂರಬೇಕಾದ ವ್ಯವಸ್ಥೆ. ಇದನ್ನು ಬಾಯಿಬಿಟ್ಟು ಹೇಳಲಾಗದೆ 'ನೀವೇ ಹೋಗಿ ಬನ್ನಿ' ಎಂದುಬಿಡುವವರೇ ಹೆಚ್ಚು.

ಮೋಟಾರುಮನೆ ಎನ್ನಬಹುದಾದ ಕ್ಯಾರವಾನ್ ವಾಹನವು ಕೌಟುಂಬಿಕ ಪ್ರಯಾಣಕ್ಕೆ ನಿಜವಾಗಿ ಒದಗುವುದು ಇಲ್ಲಿಯೇ. ಸಿನಿಮಾ ತಾರೆಯರ ವಾಹನವೆಂದು ನಮ್ಮ ಜನ ಮೊದಲು ಕಂಡ ಈ ಗಾಡಿಯಲ್ಲಿ ಮಂಚ, ಪುಟ್ಟ ಅಡುಗೆಕಟ್ಟೆ, ಕುರ್ಚಿಯಂತೆ ಕೂರಬಹುದಾದ ಶೌಚಾಲಯ ಇರುತ್ತವೆ. ಬೆಂಗಳೂರಿನಲ್ಲಿ ಇದನ್ನು ದಿನದ ಲೆಕ್ಕದಲ್ಲಿ ಬಾಡಿಗೆಗೆ ಕೊಡುವ ಸಂಸ್ಥೆಗಳಿವೆ. ಕೇರಳ ಸರ್ಕಾರ 2021ರಲ್ಲಿ ಕ್ಯಾರವಾನ್ ಪ್ರವಾಸಕ್ಕೆಂದೇ ಯೋಜನೆ ಪ್ರಕಟಿಸಿತು. ಕರ್ನಾಟಕದ 2020–26ರ ಪ್ರವಾಸೋದ್ಯಮ ನೀತಿಯಲ್ಲೂ ಅದರ ಪ್ರಸ್ತಾಪವಿತ್ತು. ಆದರೆ ಇವೆಲ್ಲ ಕಂಡಿರುವುದು ಬೆಟ್ಟ, ಕಡಲು ನೋಡಲು ಹೊರಟ ಪ್ರವಾಸಿಯನ್ನು. ಅಮ್ಮನನ್ನು ಅವಳ ತವರಿಗೆ ಕರೆದೊಯ್ಯುವವನು ಯಾವ ನೀತಿಯಲ್ಲೂ ಇಲ್ಲ. ಆತ ತನ್ನ ಸಿದ್ಧತೆಯನ್ನು ತಾನೇ ಮಾಡಿಕೊಳ್ಳಬೇಕು.

ಈ ಸೀಮೆಗೆ ಹೊಸತೇನಲ್ಲ

ಹಾಗೆ ನೋಡಿದರೆ, ಮನೆಯನ್ನು ಗಾಲಿಯ ಮೇಲಿಟ್ಟುಕೊಂಡು ನೆಂಟರೂರಿಗೆ ಹೋಗುವುದು ಈ ಮೂರು ತಾಲ್ಲೂಕುಗಳಿಗೆ ಅಪರಿಚಿತವಲ್ಲ. ಕಮಾನುಗಾಡಿಗೆ ಹುಲ್ಲು ಹಾಸಿ, ಮೇಲೆ ಜಮಖಾನ ಹರವಿ, ಬುತ್ತಿ ಕಟ್ಟಿಕೊಂಡು, ಬಾಣಂತಿಯನ್ನೂ ಮುದುಕರನ್ನೂ ಮಲಗಿಸಿಕೊಂಡು ರಾತ್ರಿಯೆಲ್ಲ ಪಯಣಿಸುತ್ತಿದ್ದ ಕಾಲವಿತ್ತು. ಅಂತರಘಟ್ಟೆಯ ದುರ್ಗಾಂಬಾ ಜಾತ್ರೆಗೆ ಸುತ್ತಣ ಹಳ್ಳಿಗಳಿಂದ ಇಂದಿಗೂ ಎತ್ತಿನ ಗಾಡಿಗಳು ಹೊರಡುತ್ತವೆ. ಇನ್ನು ಅಜ್ಜಂಪುರದ ಹೆಸರು ಹೇಳಿದೊಡನೆ ನೆನಪಾಗುವುದು ಅಮೃತಮಹಲ್ ತಳಿ ಸಂವರ್ಧನಾ ಕೇಂದ್ರ. ಚಿಕ್ಕದೇವರಾಜ ಒಡೆಯರ ಕಾಲದ 'ಬೆಣ್ಣೆ ಚಾವಡಿ'ಯು ಟಿಪ್ಪುವಿನ ಆಳ್ವಿಕೆಯಲ್ಲಿ ಅಮೃತಮಹಲ್ ಎಂಬ ಹೆಸರು ಪಡೆಯಿತು. ಸೈನ್ಯದ ಸರಂಜಾಮನ್ನು ಬಿರುಸಿನಿಂದ ಎಳೆದೊಯ್ಯಲು ಬಳಸಿದ ದನಗಳಿವು. ಹಿಂದಿನವರ ಆ ಗಾಡಿಗೆ ಬೇಕಾದ ಮೇವು, ನೀರು, ನೆರಳು ದಾರಿಯುದ್ದಕ್ಕೂ ದೊರೆಯುತ್ತಿತ್ತು. ಇಂದಿನ ಗಾಡಿಗೆ ಬೇಕಾದುದು ಬೇರೆ.

ಕಾನೂನು ಏನೆನ್ನುತ್ತದೆ?

ಮೊದಲ ಪ್ರಶ್ನೆ, ಬಾಡಿಗೆಯೋ ಸ್ವಂತವೋ ಎಂಬುದು. ಸ್ವಂತ ಬಳಕೆಯ ಕ್ಯಾಂಪರ್ ವ್ಯಾನನ್ನು ಕೇಂದ್ರ ಸರ್ಕಾರದ 2004ರ ಅಧಿಸೂಚನೆಯು ಸಾರಿಗೇತರ ವಾಹನಗಳ ಪಟ್ಟಿಗೆ ಸೇರಿಸಿದೆ. ಅಂದರೆ ಅದಕ್ಕೆ ಬಿಳಿ ಫಲಕ. ಬಾಡಿಗೆಗೆ ಕೊಡುವ ವಾಹನಕ್ಕೆ ಹಳದಿ ಫಲಕವೇ ಇರಬೇಕು. ಕಡಿಮೆ ದರಕ್ಕೆ ಬಿಳಿ ಫಲಕದ ಗಾಡಿ ಕೊಡುತ್ತೇವೆನ್ನುವವರಿಂದ ದೂರವಿರುವುದು ಲೇಸು. ಅಪಘಾತವಾದರೆ ವಿಮೆಯ ಹಣ ಕೈಗೆ ಬರುವ ಭರವಸೆಯಿಲ್ಲ.

ಹಳೆಯ ಟೆಂಪೊ ಟ್ರಾವೆಲರ್ ಕೊಂಡು, ಆಸನ ಕಿತ್ತು, ಗ್ಯಾರೇಜಿನಲ್ಲಿ ಮಂಚ ಕೂರಿಸುವ ಯೋಚನೆ ಹಲವರಿಗೆ ಬರುತ್ತದೆ. ಇದು ತೋರುವಷ್ಟು ಸರಳವಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನಂತೆ, ತಯಾರಕರು ಮೂಲತಃ ನಮೂದಿಸಿದ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸಕೂಡದು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯು ಅಕ್ರಮ ಮಾರ್ಪಾಡಿಗೆ ಆರು ತಿಂಗಳವರೆಗಿನ ಸೆರೆವಾಸ, ಇಲ್ಲವೇ ಪ್ರತಿ ಮಾರ್ಪಾಡಿಗೆ 5,000 ರೂ. ದಂಡ, ಇಲ್ಲವೇ ಎರಡನ್ನೂ ವಿಧಿಸಿದೆ. ಮೋಟಾರು ಕ್ಯಾರವಾನ್‌ಗಳ ನಿರ್ಮಾಣಕ್ಕೆ ಎಐಎಸ್-124 ಎಂಬ ಪ್ರತ್ಯೇಕ ಮಾನದಂಡವಿದೆ. ಅದರಂತೆ ಪ್ರಮಾಣೀಕೃತವಾದ ವಾಹನವನ್ನಷ್ಟೇ ಕೊಳ್ಳಬೇಕು. ವರ್ಷಕ್ಕೆ ಎರಡು ಮೂರು ಬಾರಿ ಊರಿಗೆ ಹೋಗುವ ಕುಟುಂಬಕ್ಕೆ ಈ ಗೋಜು ಬೇಕಾಗಿಯೇ ಇಲ್ಲ. ಬಾಡಿಗೆಯೇ ವಿವೇಕ.

ಚಾಲನಾ ಪರವಾನಗಿಯ ವಿಷಯದಲ್ಲಿ ಗೊಂದಲ ಬೇಡ. ಒಟ್ಟು ತೂಕ 7,500 ಕೆ.ಜಿ. ಮೀರದ ವಾಹನವನ್ನು ಲಘು ಮೋಟಾರು ವಾಹನದ ಪರವಾನಗಿಯಲ್ಲೇ ಓಡಿಸಬಹುದು. ಹಳದಿ ಫಲಕದ ವಾಹನಕ್ಕೂ ಇದು ಅನ್ವಯ ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರ್‌ನಲ್ಲಿ ಹೇಳಿದೆ. ಆದರೂ ಇಂಥ ಗಾಡಿ ಕಾರಿನಂತೆ ತಿರುಗುವುದಿಲ್ಲ, ಕಾರಿನಂತೆ ನಿಲ್ಲುವುದೂ ಇಲ್ಲ. ಅನುಭವಿ ಚಾಲಕರು ಜೊತೆಗಿರುವುದು ಒಳಿತು.

ಇನ್ನೊಂದು ಮಾತು. ಮಂಚವಿದೆಯೆಂದು ಅಜ್ಜಿಯನ್ನು ಅದರ ಮೇಲೆ ಮಲಗಿಸಿಕೊಂಡೇ ಓಡಿಸುವ ಆಸೆ ಸಹಜ. ಹಠಾತ್ ಬ್ರೇಕಿಗೆ ಮಲಗಿದವರು ಉರುಳಿಬಿದ್ದರೆ ಆಗುವ ಅನಾಹುತ ಬಸ್ಸಿನಲ್ಲಾಗುವುದಕ್ಕಿಂತ ಹೆಚ್ಚು. ವಾಹನ ಚಲಿಸುವಾಗ ಎಲ್ಲರೂ ಬೆಲ್ಟ್ ಕಟ್ಟಿ ಆಸನದಲ್ಲಿರಬೇಕು. ಶೌಚಕ್ಕೆ ಹೋಗಬೇಕೆಂದರೆ ಬದಿಗೆ ನಿಲ್ಲಿಸಿಯೇ. ಬೇಕೆಂದಲ್ಲಿ ನಿಲ್ಲಿಸಬಹುದು ಎಂಬುದೇ ಈ ಗಾಡಿಯ ದೊಡ್ಡ ಗುಣ.

ಹೆದ್ದಾರಿ ಮುಗಿದ ಮೇಲೆ

ಹಿಂದೆ 206 ಎಂದು ಕರೆಯುತ್ತಿದ್ದ, ಈಗ ಬಾಣಾವರದಿಂದಾಚೆಗೆ 69 ಎನಿಸಿಕೊಂಡಿರುವ ರಾಷ್ಟ್ರೀಯ ಹೆದ್ದಾರಿ ಕಡೂರು, ಬೀರೂರು, ತರೀಕೆರೆಗಳನ್ನು ಹಾದು ಶಿವಮೊಗ್ಗಕ್ಕೆ ಸಾಗುತ್ತದೆ. ಅಲ್ಲಿಯವರೆಗೆ ತೊಂದರೆಯಿಲ್ಲ. ತೊಡಕು ಆರಂಭವಾಗುವುದು ಊರೊಳಗೆ. ಮೂರು ಮೀಟರ್ ಆಸುಪಾಸು ಎತ್ತರದ ಗಾಡಿಗೆ ಬೀದಿಗೆ ಅಡ್ಡಲಾಗಿ ಎಳೆದ ಕೇಬಲ್, ತಗ್ಗಿದ ವಿದ್ಯುತ್ ತಂತಿ, ಹುಣಸೆಯ ಕೊಂಬೆ, ರೈಲು ಹಳಿಯ ಕೆಳಸೇತುವೆ ಎಲ್ಲವೂ ಪ್ರಶ್ನೆಗಳೇ. ಊರಿನ ತಮ್ಮನೋ ಅಳಿಯನೋ ಒಮ್ಮೆ ನಡೆದುಹೋಗಿ ನೋಡಿ ಬಂದು ಫೋನಿನಲ್ಲಿ ಹೇಳಿದರೆ ಅರ್ಧ ಕೆಲಸ ಆದಂತೆ.

ಮೂರು ತಾಲ್ಲೂಕಿನ ನೆಲವೂ ಒಂದೇ ಬಗೆಯದಲ್ಲ. 2017ರ ಬಜೆಟ್‌ನಲ್ಲಿ ಘೋಷಣೆಯಾಗಿ ತರೀಕೆರೆಯಿಂದ ಬೇರ್ಪಟ್ಟ ಅಜ್ಜಂಪುರದ ಎರೆಭೂಮಿಯ ಕಡೆ ಮಳೆ ಬಿದ್ದ ಮರುದಿನ ಅಂಗಳಕ್ಕೆ ಗಾಡಿ ಇಳಿಸಿದರೆ ಟ್ರಾಕ್ಟರ್ ತಂದು ಎಳೆಸಬೇಕಾದೀತು. ತರೀಕೆರೆಯದು ಅರೆಮಲೆನಾಡು. ಬಂದವರು ಹೇಗೂ ಕೆಮ್ಮಣ್ಣುಗುಂಡಿ ನೋಡಿಬರೋಣ ಎನ್ನುವುದುಂಟು; ಆ ಕಿರಿದಾದ ತಿರುವುಗಳಿಗೆ ಕ್ಯಾರವಾನ್ ಕೊಂಡೊಯ್ಯದೆ ನೆಂಟರ ಜೀಪನ್ನೋ ಕಾರನ್ನೋ ನೆಚ್ಚುವುದು ಮೇಲು. ಭದ್ರಾ ಅಭಯಾರಣ್ಯದೊಳಗೆ ಅನುಮತಿಯಿಲ್ಲದೆ ತಂಗುವಂತಿಲ್ಲ ಎಂಬುದು ಬೇರೆ ಮಾತು.

ನೀರು, ಕರೆಂಟು, ಕೊಳಚೆ

ಕಡೂರು ಬಯಲುಸೀಮೆ, ಮೇಲಿಂದ ಮೇಲೆ ಬರ ಕಂಡ ತಾಲ್ಲೂಕು. ಗಾಡಿಯ ನೂರು ಲೀಟರ್ ತೊಟ್ಟಿಯನ್ನು ಅಣ್ಣನ ಮನೆಯ ನಲ್ಲಿಯಿಂದ ತುಂಬಿಸಿಕೊಳ್ಳುವ ಮೊದಲು, ಆ ಮನೆಗೆ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ ಎಂದು ಕೇಳುವುದು ಮರ್ಯಾದೆ. ಸ್ನಾನ ಮನೆಯ ಬಚ್ಚಲಲ್ಲೇ ಆದರೆ ಆ ನೀರು ಅಜ್ಜಿಯ ಶೌಚಕ್ಕೆ ಎರಡು ಮೂರು ದಿನ ಸಾಕು.

ಕರೆಂಟಿನ ಲೆಕ್ಕ ಅನೇಕರಿಗೆ ತಿಳಿದಿರುವುದಿಲ್ಲ. 12 ವೋಲ್ಟ್, 200 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ ಇರುವುದು 2.4 ಯೂನಿಟ್. ಹವಾನಿಯಂತ್ರಕ ಗಂಟೆಗೆ ಒಂದು ಯೂನಿಟ್ ನುಂಗಿದರೂ ನಡುರಾತ್ರಿಗೆ ಮೊದಲೇ ಬ್ಯಾಟರಿ ಬರಿದು. ದೀಪ, ಫ್ಯಾನು, ಮೊಬೈಲು ಮಾತ್ರವಾದರೆ ಚಿಂತೆಯಿಲ್ಲ. ಮನೆಯಿಂದ ತಂತಿ ಎಳೆಯುವುದಾದರೆ ಮೊದಲು ನೋಡಬೇಕಾದುದು ಅರ್ಥಿಂಗ್. ಗಾಡಿಯ ಮೈ ಲೋಹದ್ದು, ನಿಂತಿರುವುದು ರಬ್ಬರ್ ಟೈರಿನ ಮೇಲೆ. ಹಳೆಯ ಮನೆಯ ಅರ್ಥಿಂಗ್ ಸತ್ತಿದ್ದು, ಎಲ್ಲಾದರೂ ವಿದ್ಯುತ್ ಸೋರಿದರೆ, ನೆಲದ ಮೇಲೆ ನಿಂತು ಬಾಗಿಲ ಹಿಡಿ ಮುಟ್ಟಿದವರಿಗೆ ಆಘಾತವಾಗುತ್ತದೆ. ಸೋರಿಕೆ ಕಂಡೊಡನೆ ವಿದ್ಯುತ್ ಕಡಿಯುವ ಸ್ವಿಚ್ ಇಲ್ಲದ ಗಾಡಿಯನ್ನು ಬಾಡಿಗೆಗೆ ಪಡೆಯಬಾರದು.

ಕೊನೆಯದಾಗಿ, ಯಾರೂ ಮಾತಾಡಲಿಚ್ಛಿಸದ ಸಂಗತಿ. ಇಂಥ ವಾಹನಗಳಲ್ಲಿ ಸಾಮಾನ್ಯವಾಗಿರುವ, ಹೊರಗೆಳೆಯಬಹುದಾದ ಮಲದ ಪೆಟ್ಟಿಗೆ ಇಪ್ಪತ್ತು ಲೀಟರ್ ಆಸುಪಾಸಿನದು. ನಾಲ್ಕು ಜನ ಬಳಸಿದರೆ ಎರಡೇ ದಿನಕ್ಕೆ ತುಂಬುತ್ತದೆ. ಅದನ್ನು ಖಾಲಿ ಮಾಡಲು ಹೆದ್ದಾರಿಯಲ್ಲಿ ವ್ಯವಸ್ಥೆಯನ್ನು ನಿರೀಕ್ಷಿಸುವಂತಿಲ್ಲ. ನೆಂಟರ ಮನೆಯ ಶೌಚಾಲಯವೇ ಗತಿ. ಅಲ್ಲಿಯೂ ಎಚ್ಚರ ಬೇಕು. ವಾಸನೆ ತಡೆಯಲು ಪೆಟ್ಟಿಗೆಗೆ ಹಾಕುವ ಕೆಲವು ದ್ರಾವಣಗಳಲ್ಲಿ ಫಾರ್ಮಾಲ್ಡಿಹೈಡ್ ಇರುತ್ತದೆ. ಹಳ್ಳಿಮನೆಯ ಗುಂಡಿಯಲ್ಲಿ ಮಲವನ್ನು ಕರಗಿಸುವುದು ಸೂಕ್ಷ್ಮಾಣುಗಳು. ಈ ರಾಸಾಯನಿಕ ಅವನ್ನೇ ಕೊಲ್ಲುತ್ತದೆ. ನೆಂಟರು ಹೋದ ತಿಂಗಳಿಗೆ ಗುಂಡಿ ನಾರತೊಡಗಿದರೆ ಕಾರಣ ಹುಡುಕಬೇಕಾಗಿಲ್ಲ. ಜೈವಿಕ ಕಿಣ್ವದ ಪುಡಿ ಬಳಸುವ ಗಾಡಿಯನ್ನೇ ಕೇಳಿ ಪಡೆಯಬೇಕು. ಸ್ವಲ್ಪ ಸ್ವಲ್ಪವಾಗಿ, ನೀರಿನೊಡನೆ ಸುರಿಯಬೇಕು. ರಾತ್ರಿ ಹಳ್ಳಕ್ಕೋ ಕೆರೆಯ ಏರಿಗೋ ಸುರಿದು ಬರುವುದು ದ್ರೋಹ. ಕಡೂರಿನ ಬಳಿ ವೇದಾ ಮತ್ತು ಅವತಿ ಕೂಡಿ ಹರಿಯುವ ವೇದಾವತಿಯ ನೀರು ಹಿರಿಯೂರಿನ ವಾಣಿವಿಲಾಸ ಸಾಗರವನ್ನು ಸೇರುತ್ತದೆ.

ಮನೆಯವರ ಮನಸ್ಸು

ಮಗಳು, ಅಳಿಯ ಬಂದು ಅಂಗಳದ ಗಾಡಿಯಲ್ಲೇ ಮಲಗಿದರೆ, 'ನಮ್ಮ ಮನೆ ಸಾಲದಾಯಿತೆ?' ಎಂದು ಅತ್ತಿಗೆಗೆ ಅನ್ನಿಸದಿರದು. ಓಣಿಯವರೂ ಹಾಗೆಯೇ ಆಡಿಕೊಳ್ಳುತ್ತಾರೆ. ಊಟ ತಿಂಡಿ ಕಡ್ಡಾಯವಾಗಿ ಒಳಗೆ ಆಗಲಿ. ಗಾಡಿಯ ಒಲೆ ದಾರಿಯ ಕಾಫಿಗಷ್ಟೇ ಇರಲಿ. ಗಾಡಿ ತಂದದ್ದು ಅಮ್ಮನ ಮಂಡಿಯ ಸಲುವಾಗಿ ಎಂದು ಹೊರಡುವ ಮೊದಲೇ ಫೋನಿನಲ್ಲಿ ತಿಳಿಸಿದರೆ ಮುನಿಸಿಗೆ ಎಡೆಯಿರದು. ಅಮ್ಮನೊಬ್ಬಳೇ ಗಾಡಿಯಲ್ಲಿ ಮಲಗುವುದೂ ಬೇಕಿಲ್ಲ. ರಾತ್ರಿ ಅವಳು ತನ್ನಣ್ಣನ ಪಡಸಾಲೆಯಲ್ಲೇ ಮಲಗಲಿ, ಶೌಚಕ್ಕಷ್ಟೇ ಗಾಡಿ ಬಾಗಿಲ ಬಳಿಯಿರಲಿ.

ನಡೆದಾಡಬಲ್ಲ ಹಿರಿಯರಿಗೆ ರೈಲೇ ಉತ್ತಮ ಎಂಬುದನ್ನೂ ಹೇಳಬೇಕು. ಕಡೂರು, ಬೀರೂರು, ಅಜ್ಜಂಪುರ ಹುಬ್ಬಳ್ಳಿಯ ಮಾರ್ಗದಲ್ಲಿವೆ, ತರೀಕೆರೆ ಬೀರೂರು–ಶಿವಮೊಗ್ಗ ಮಾರ್ಗದಲ್ಲಿದೆ. ಖರ್ಚು ಕಡಿಮೆ, ಬೋಗಿಯಲ್ಲಿ ಶೌಚಾಲಯವೂ ಉಂಟು. ನಿಲ್ದಾಣದ ಮೆಟ್ಟಿಲು ಹತ್ತಲಾಗದವರಿಗೆ, ನಿಲ್ದಾಣದಿಂದ ಹಳ್ಳಿಯವರೆಗಿನ ಕೊನೆಯ ಹತ್ತಿಪ್ಪತ್ತು ಕಿ.ಮೀ. ಆಟೋದ ಕುಲುಕಾಟ ತಾಳದವರಿಗೆ ಮಾತ್ರ ಕ್ಯಾರವಾನ್. ಅಂಥವರಿಗಾಗಿ ಗಾಡಿ ಗೊತ್ತುಮಾಡುವಾಗ ಟಿ.ವಿ., ಸೋಫಾಗಳಿಗಿಂತ ಮೊದಲು ನೋಡಬೇಕಾದುದು ಬಾಗಿಲಿನ ಮೆಟ್ಟಿಲು ನೆಲದಿಂದ ಎಷ್ಟು ಎತ್ತರದಲ್ಲಿದೆ, ಹತ್ತುವಾಗ ಎರಡೂ ಕೈಗೆ ಹಿಡಿ ಸಿಗುತ್ತದೆಯೆ, ಶೌಚಾಲಯದ ಬಾಗಿಲು ಹೊರಕ್ಕೆ ತೆರೆಯುತ್ತದೆಯೆ ಎಂಬುದನ್ನು. ಸಾಧ್ಯವಾದರೆ ಮುಂಗಡ ಕೊಡುವ ಮೊದಲು ಅವರನ್ನೇ ಕರೆದೊಯ್ದು ಒಮ್ಮೆ ಹತ್ತಿಸಿ, ಇಳಿಸಿ ನೋಡಬೇಕು.