ನಾಟಕದ ಪ್ರಶ್ನೆಗೆ ಉತ್ತರ ಬರೆಯುವ ಬಗೆ

ನಾಟಕವನ್ನು ಕುರಿತ ಪ್ರಶ್ನೆಗೆ ಅದರ ಕಥೆಯನ್ನೇ ಉತ್ತರವಾಗಿ ಬರೆದುಬಿಡುವುದು ನಮ್ಮ ವಿದ್ಯಾರ್ಥಿಗಳಲ್ಲಿ ಬೇರೂರಿದ ರೂಢಿ. ಪ್ರಶ್ನೆ ಪಾತ್ರವನ್ನು ಕುರಿತಿರಲಿ, ವಸ್ತುವನ್ನು ಕುರಿತಿರಲಿ, ಉತ್ತರ ಮಾತ್ರ ಮೊದಲಿನಿಂದ ಕೊನೆಯವರೆಗಿನ ಕಥಾನಿರೂಪಣೆ. ಶ್ರಮವಹಿಸಿ ಓದಿದವರಿಗೂ ಇದರಿಂದ ಅಂಕಗಳು ನಷ್ಟವಾಗುತ್ತವೆ. ನಾಟಕದ ವಿಮರ್ಶೆ ತಮ್ಮ ಅಳವಿಗೆ ಮೀರಿದುದೆಂಬ ಭಾವನೆಯೂ ನೆಲೆಗೊಳ್ಳುತ್ತದೆ. ಈ ಎರಡನೆಯ ನಷ್ಟವೇ ಹೆಚ್ಚಿನದು.

ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯ ವಿದ್ಯಾರ್ಥಿಗಳಿಗಂತೂ ಈ ಭಾವನೆಗೆ ಕಾರಣವೇ ಇಲ್ಲ. ಇಲ್ಲಿಯ ತಾಳಮದ್ದಳೆಯನ್ನು ನೆನೆಯೋಣ. ವೇಷವಿಲ್ಲ, ಕುಣಿತವಿಲ್ಲ, ಭಾಗವತರು ಪದ ಹೇಳುತ್ತಾರೆ, ಅರ್ಥಧಾರಿಗಳು ಕುಳಿತು ಅದರ ಅರ್ಥವನ್ನು ವಿಸ್ತರಿಸುತ್ತಾರೆ. ವಾಲಿಯ ವಧೆಯಾಗುವುದೆಂಬುದು ಕೇಳುವವರೆಲ್ಲರಿಗೂ ಗೊತ್ತು. ಮರೆಯಲ್ಲಿ ನಿಂತು ಬಾಣಬಿಟ್ಟ ರಾಮನನ್ನು ವಾಲಿ ಹೇಗೆ ಪ್ರಶ್ನಿಸುವನು, ರಾಮನ ಸಮಾಧಾನ ಎಷ್ಟರಮಟ್ಟಿಗೆ ನಿಲ್ಲುವುದು ಎಂಬುದನ್ನು ತೂಗಿನೋಡಲೆಂದೇ ಅವರು ನಿದ್ದೆಗೆಟ್ಟು ಕುಳಿತಿರುತ್ತಾರೆ. ಪರೀಕ್ಷಕರೂ ಇಂಥ ಶ್ರೋತೃಗಳೇ. ಕಥೆ ಅವರಿಗೆ ತಿಳಿದದ್ದು. ಅವರು ಕಾಯುವುದು ಅರ್ಥಕ್ಕಾಗಿ.

ಈ ಸೀಮೆಗೆ ಸಂಬಂಧಿಸಿದ ನಿದರ್ಶನವೊಂದನ್ನು ನೋಡೋಣ. ಗಿರೀಶ ಕಾರ್ನಾಡರು (1938-2019) ಬಾಲ್ಯದಲ್ಲಿ ಶಿರಸಿಯಲ್ಲಿದ್ದು ಯಕ್ಷಗಾನವನ್ನು ಕಂಡವರು. 1971ರ ಅವರ 'ಹಯವದನ'ದಲ್ಲಿ ಭಾಗವತನೂ ಅರ್ಧತೆರೆಯೂ ಇವೆ. 'ಈ ನಾಟಕದಲ್ಲಿ ಅಪೂರ್ಣತೆಯ ವಸ್ತು ಹೇಗೆ ನಿರೂಪಿತವಾಗಿದೆ?' ಎಂಬುದು ಪ್ರಶ್ನೆಯೆನ್ನೋಣ. ದೇವದತ್ತ, ಕಪಿಲ, ಪದ್ಮಿನಿಯರ ವೃತ್ತಾಂತವನ್ನು ಆದ್ಯಂತ ಹೇಳುವುದು ಉತ್ತರವಾಗದು. 'ಪೂರ್ಣತೆಯ ಹಂಬಲ ಇಲ್ಲಿ ಬಯಸಿದ ರೀತಿಯಲ್ಲಿ ಕೈಗೂಡುವುದಿಲ್ಲ' ಎಂದು ಮೊದಲ ವಾಕ್ಯದಲ್ಲಿಯೇ ನಿಲುವನ್ನು ತಿಳಿಸಬೇಕು. ಅನಂತರ ಆಧಾರಗಳು ಬರಬೇಕು. ಆರಂಭದಲ್ಲಿ ಪೂಜೆಗೊಳ್ಳುವ ಗಣಪತಿ ಆನೆಯ ಮೊಗದವನು, ಮುರಿದ ದಂತದವನು. ಆದರೂ ಕಾರ್ಯವನ್ನು ಪೂರ್ಣಗೊಳಿಸುವ ದೇವರು ಅವನೇ. ಅದಲುಬದಲಾದ ತಲೆಗಳು ಪದ್ಮಿನಿಗೆ ಬಯಸಿದುದನ್ನು ಕೊಟ್ಟಂತೆ ತೋರಿದರೂ ದೇಹಗಳು ಕ್ರಮೇಣ ತಲೆಗಳಿಗೆ ತಕ್ಕಂತೆ ಮಾರ್ಪಡುತ್ತವೆ. ಪೂರ್ಣ ಮನುಷ್ಯನಾಗಬಯಸಿದ ಹಯವದನ ಪೂರ್ಣ ಕುದುರೆಯಾಗುತ್ತಾನೆ. ಈ ಮೂರನ್ನು ವಿವರಿಸಲು ಬೇಕಾದಷ್ಟು ಕಥೆ ಸಾಕು.

ರಂಗದ ಉಪಕರಣಗಳನ್ನು ಬರಿದೆ ಹೆಸರಿಸಿದರೂ ಸಾಲದು. ಅವುಗಳ ಕಾರ್ಯವನ್ನು ಹೇಳಬೇಕು. ದೇವದತ್ತನ ಒರಟು ಕೈಗಳು ಮತ್ತೆ ಮೃದುವಾದುದನ್ನು ನಮಗೆ ತಿಳಿಸುವವು ಬೊಂಬೆಗಳು. ಮನೆಯವರು ಬಾಯಿಬಿಟ್ಟು ಹೇಳದುದನ್ನು ಅವು ಆಡಿಬಿಡುತ್ತವೆ.

ಒಂದು ಭೇದವನ್ನು ಮರೆಯಬಾರದು. ಅರ್ಥಧಾರಿಗೆ ಪದದಾಚೆಗೆ ಕಲ್ಪಿಸುವ ಸ್ವಾತಂತ್ರ್ಯವಿದೆ. ಪರೀಕ್ಷಾರ್ಥಿಗೆ ಪಠ್ಯವೇ ಎಲ್ಲೆ. ಆ ಎಲ್ಲೆಯೊಳಗೆ ವಾದಿಸುವುದನ್ನು ತರಗತಿಯಲ್ಲಿಯೇ ರೂಢಿಸಬೇಕು. ಅಧ್ಯಾಪಕರು ಒಂದೇ ದೃಶ್ಯವನ್ನು ಕೊಟ್ಟು, ಕಥೆ ಹೇಳದೆ ಒಂದು ಪುಟ ಬರೆಯಿಸಿ ನೋಡಲಿ. ರಾತ್ರಿ ತಾಳಮದ್ದಳೆ ಕೇಳಿ ಬೆಳಗ್ಗೆ ವಾಲಿಯ ಪರ ವಾದಿಸಬಲ್ಲ ವಿದ್ಯಾರ್ಥಿಗೆ ಅದು ಅಸಾಧ್ಯವೇನಲ್ಲ.