ಈದ್ ಯಾವ ತಿಂಗಳಲ್ಲಿ? ಇಬ್ರಾದ ಅಂಗಡಿ ಲೆಕ್ಕ



2024ರಲ್ಲಿ ಯುಗಾದಿ ಏಪ್ರಿಲ್ 9ಕ್ಕೆ ಬಂತು, ಒಮಾನಿನಲ್ಲಿ ಈದ್ ಏಪ್ರಿಲ್ 10ಕ್ಕೆ. 2025ರಲ್ಲಿ ಯುಗಾದಿ ಮಾರ್ಚ್ 30, ಈದ್ ಮಾರ್ಚ್ 31. ನಮಗೇನೋ ಹೋಳಿಗೆ ತಿನ್ನಲು ರಜೆ ಸಿಕ್ಕಿತು! ಆದರೆ ಈ ಜೋಡಿ ಹೆಚ್ಚು ದಿನ ಉಳಿಯುವುದಿಲ್ಲ. ಅದಕ್ಕೆ ಕಾರಣ ತಿಳಿದರೆ ಇಲ್ಲಿನ ಅಂಗಡಿಗಳ ವ್ಯಾಪಾರವೂ ಅರ್ಥವಾಗುತ್ತದೆ.

ನಮ್ಮ ಪಂಚಾಂಗ, ಹಿಜರಿ ಕ್ಯಾಲೆಂಡರ್ ಎರಡೂ ಚಂದ್ರನನ್ನೇ ನಂಬಿದವು. ಹನ್ನೆರಡು ಚಾಂದ್ರಮಾಸ ಸೇರಿದರೆ ಸುಮಾರು 354 ದಿನ, ಅಂದರೆ ಸೌರ ವರ್ಷಕ್ಕಿಂತ 11 ದಿನ ಕಡಿಮೆ. ನಾವು ಎರಡೂವರೆ-ಮೂರು ವರ್ಷಕ್ಕೊಮ್ಮೆ ಅಧಿಕ ಮಾಸ ಸೇರಿಸಿ ಸರಿಪಡಿಸಿಕೊಳ್ಳುತ್ತೇವೆ. ಹಿಜರಿಯಲ್ಲಿ ಅಧಿಕ ಮಾಸವಿಲ್ಲ. 2026ರಲ್ಲಿ ನಮಗೆ ಅಧಿಕ ಜ್ಯೇಷ್ಠ. ಹಾಗಾಗಿ 2027ರ ಯುಗಾದಿ ಏಪ್ರಿಲ್ ಮೊದಲ ವಾರಕ್ಕೆ ಹೋಗುತ್ತದೆ, ಈದ್ ಮಾತ್ರ ಮಾರ್ಚ್ ಎರಡನೇ ವಾರದ ಹೊತ್ತಿಗೇ ಬಂದುಬಿಡುತ್ತದೆ.

ಈಗ ಅಂಗಡಿಗೆ ಬರೋಣ. 2024ರಲ್ಲಿ ಇಲ್ಲಿ ರಂಜಾನ್ ಶುರುವಾದದ್ದು ಮಾರ್ಚ್ 12ಕ್ಕೆ. ಜನ ಕೈಬಿಚ್ಚಿ ಖರ್ಚು ಮಾಡುವ ಕೊನೆಯ ದಿನಗಳು ಏಪ್ರಿಲ್‌ಗೆ ಬಂದವು. 2025ರಲ್ಲಿ ಇಡೀ ರಂಜಾನ್ ಮಾರ್ಚ್‌ನಲ್ಲೇ ಮುಗಿಯಿತು. ಜನವರಿ-ಮಾರ್ಚ್ ಲೆಕ್ಕವನ್ನು ಹಿಂದಿನ ವರ್ಷದ ಅದೇ ಮೂರು ತಿಂಗಳಿಗೆ ಹೋಲಿಸಿದರೆ ವ್ಯಾಪಾರ ಏರಿದಂತೆ ಕಾಣುತ್ತದೆ, ಮುಂದಿನ ಮೂರು ತಿಂಗಳಲ್ಲಿ ಬಿದ್ದಂತೆ ಕಾಣುತ್ತದೆ. ನಿಜವಾಗಿ ಎರಡೂ ಆಗಿಲ್ಲ, ಹಬ್ಬ ಜರುಗಿದೆ ಅಷ್ಟೆ! ಇದನ್ನು ನಂಬಿ ಸಾಲ ತಂದು ಹೆಚ್ಚು ಸರಕು ತುಂಬಿದರೆ, ಚೆಕ್ ದಿನಾಂಕ ಬಂದಾಗ ಕಷ್ಟ. ಸಾಫ್ಟ್‌ವೇರ್ ಬರೆಯುವವನಾಗಿ ನಾನು ಹೇಳುವುದು ಒಂದೇ: ಮಾರಾಟದ ಪಟ್ಟಿಯಲ್ಲಿ ಇಂಗ್ಲಿಷ್ ತಾರೀಖಿನ ಪಕ್ಕ ಹಿಜರಿ ತಾರೀಖೂ ಇರಲಿ. ರಂಜಾನನ್ನು ರಂಜಾನ್ ಜೊತೆಗೇ ಹೋಲಿಸಿ.

ಹಬ್ಬದ ಲಾಭ ಎಲ್ಲರಿಗೂ ಒಂದೇ ದಿನ ಬರುವುದಿಲ್ಲ. ದಿಶ್‌ದಾಶಾ ಹೊಲಿಯುವ ದರ್ಜಿಗೆ ಈದ್‌ಗೆ ಮೊದಲಿನ ವಾರಗಳೇ ಸುಗ್ಗಿ. ಎಷ್ಟೇ ಗಿರಾಕಿ ಬಂದರೂ ಹೊಲಿಯುವ ಕೈ ಅಷ್ಟೇ, ಆದ್ದರಿಂದ ಆತ ಒಂದು ದಿನಕ್ಕೆ ಆರ್ಡರ್ ನಿಲ್ಲಿಸಲೇಬೇಕು. ಒಮಾನಿನ ಒಳನಾಡಿನ ಊರುಗಳಲ್ಲಿ ಈದ್‌ಗೆ ಮುಂಚೆ 'ಹಬ್ತಾ' ಸಂತೆಗಳು ನೆರೆಯುತ್ತವೆ. ನೆಲದ ಕುಳಿಯಲ್ಲಿ ಬೇಯಿಸುವ 'ಶುವಾ'ಕ್ಕೆ ಆಡು-ಕುರಿ, ಮಸಾಲೆ, ಹಲ್ವಾ ಎಲ್ಲ ಅಲ್ಲಿ ಬಿಕರಿ. ಚಂದ್ರ ಒಂದು ದಿನ ತಡವಾಗಿ ಕಂಡರೆ ಹಬ್ಬವೂ ಒಂದು ದಿನ ಮುಂದೆ, ಬಟ್ಟೆಯವನಿಗೆ ಚಿಂತೆಯಿಲ್ಲ, ಹಣ್ಣು-ತರಕಾರಿಯವನಿಗೆ ಇದೆ.

ರಾಷ್ಟ್ರೀಯ ದಿನದ ಕಥೆ ಬೇರೆ. ಅದಕ್ಕೆ ಚಂದ್ರನ ಹಂಗಿಲ್ಲ. ಬಹಳ ವರ್ಷ ಅದು ನವೆಂಬರ್ 18 ಆಗಿತ್ತು. ಆಲ್ ಬು ಸಯೀದ್ ಮನೆತನ 1744ರಲ್ಲಿ ಆಳ್ವಿಕೆಗೆ ಬಂದ ನೆನಪಿಗೆ ಸುಲ್ತಾನ್ ಹೈತಮ್ 2025ರಲ್ಲಿ ಅದನ್ನು ನವೆಂಬರ್ 20 ಎಂದು ಬದಲಿಸಿದರು. ಆ ವರ್ಷ ರಜೆ ಕೊಟ್ಟದ್ದು 26 ಮತ್ತು 27ಕ್ಕೆ, ಶುಕ್ರವಾರ-ಶನಿವಾರ ಸೇರಿ ಒಟ್ಟು ನಾಲ್ಕು ದಿನ. ಧ್ವಜ, ದೀಪದ ವ್ಯಾಪಾರ 20ರೊಳಗೆ, ಪ್ರವಾಸದ ವ್ಯಾಪಾರ ಅದಾದ ಮೇಲೆ. ಮಸ್ಕತ್‌ನಿಂದ ಬಿದಿಯಾ ಮರಳುಗಾಡಿಗೆ ಹೊರಟವರಿಗೆ ಇಬ್ರಾ ದಾರಿಯಲ್ಲೇ ಸಿಗುತ್ತದೆ. ಪೆಟ್ರೋಲ್, ಚಹಾ, ನೀರು, ಸೌದೆ ಇಲ್ಲಿ ಕೊಳ್ಳುತ್ತಾರೆ. ಮಸ್ಕತ್‌ನಲ್ಲಿ ಖರ್ಚಾಗಬೇಕಿದ್ದ ರಿಯಾಲ್ ಇಬ್ರಾಕ್ಕೆ ಬಂತು ಎನ್ನಿ! ಆದರೆ ರಜೆಯ ದಿನ ದುಡಿದವರಿಗೆ ಹೆಚ್ಚಿನ ಕೂಲಿ ಅಥವಾ ಬದಲಿ ರಜೆ ಕೊಡಬೇಕು. ಬಾಗಿಲು ತೆರೆಯುವ ಮುನ್ನ ಮಾಲೀಕರು ಇದನ್ನೂ ಕೂಡಿ ಕಳೆಯಬೇಕು.

ಇನ್ನು ನಮ್ಮ ಮನೆಗಳ ವಿಷಯ. ಈದ್ ತಿಂಗಳ ಕೊನೆಗೆ ಬಂದರೆ ಸಂಬಳ ಮೊದಲೇ ಕೈಗೆ ಬರುವುದುಂಟು. ಅದು ಬೋನಸ್ ಅಲ್ಲ. ಮುಂದಿನ ಸಂಬಳದವರೆಗಿನ ದಿನಗಳು ಅಷ್ಟೇ ಉದ್ದವಾಗುತ್ತವೆ. ಊರಿಗೆ ಕಳಿಸುವ ಹಣ, ಮನೆ ಬಾಡಿಗೆ, ಶಾಲೆಯ ಫೀಸ್ ಮೊದಲು ತೆಗೆದಿಡಿ, ಉಳಿದದ್ದರಲ್ಲಿ ಹಬ್ಬ ಮಾಡಿ. ಊರಿಗೆ ಹೋಗುವವರು ಚಂದ್ರ ಕಾಣುವವರೆಗೆ ಕಾಯದೆ ಟಿಕೆಟ್ ವಿಚಾರಿಸಿ.

ಅಂದ ಹಾಗೆ, 2030ರಲ್ಲಿ ರಂಜಾನ್ ಎರಡು ಸಲ ಬರುತ್ತದೆ, ಜನವರಿಯಲ್ಲೊಮ್ಮೆ, ಡಿಸೆಂಬರ್‌ನಲ್ಲೊಮ್ಮೆ. ಅಂಗಡಿ ಇಟ್ಟಿರುವ ಬಂಧುಗಳು ಈಗಲೇ ಗುರುತು ಹಾಕಿಕೊಳ್ಳಿ!