ಧಾರಣೆ, ವರಮಾನ ಮತ್ತು ಗಿರಾಕಿ

ಫಸಲು ಹುಲುಸಾಗಿ ಬಂದ ವರ್ಷದಲ್ಲಿಯೇ ಬೆಳೆಗಾರನ ಕೈ ಬರಿದಾಗುವುದುಂಟು. ಇದು ವಿಚಿತ್ರವೆಂದು ತೋರಿದರೂ ಇದಕ್ಕೆ ತಕ್ಕ ಕಾರಣವಿದೆ. ಮನುಷ್ಯನ ಹಸಿವಿಗೆ ಮಿತಿಯುಂಟು. ಅಕ್ಕಿಯ ಧಾರಣೆ ಅರ್ಧಕ್ಕಿಳಿದರೂ ಯಾರೂ ಎರಡರಷ್ಟು ಉಣ್ಣಲಾರರು. ಧಾರಣೆ ಏರಿದರೂ ಊಟವನ್ನು ಬಿಡಲಾರರು. ಆದುದರಿಂದ ನಿತ್ಯೋಪಯೋಗದ ಪದಾರ್ಥವು ಪೇಟೆಗೆ ಸ್ವಲ್ಪ ಹೆಚ್ಚಾಗಿ ಬಂದರೆ ಧಾರಣೆಯು ಬಹಳವಾಗಿ ಕುಸಿಯುವುದು. ಸ್ವಲ್ಪ ಕಡಿಮೆಯಾದರೆ ಬಹಳವಾಗಿ ಏರುವುದು.

ಕೋಲಾರ ಸೀಮೆಯ ಟೊಮ್ಯಾಟೊ ಇದಕ್ಕೆ ನಿದರ್ಶನ. 2023ನೆಯ ಇಸವಿಯ ಜುಲೈ ತಿಂಗಳಿನಲ್ಲಿ ಆವಕ ತಗ್ಗಿ, ಕಿಲೋ ಒಂದಕ್ಕೆ 100 ರೂಪಾಯಿಗಳನ್ನು ಮೀರಿದ ಧಾರಣೆಯು, ಹೊಸ ಫಸಲು ಬಂದ ಮೇಲೆ ಸೆಪ್ಟೆಂಬರಿನಲ್ಲಿ ಬಹಳ ಕೆಳಗಿಳಿಯಿತು. ಏರಿದ ಧಾರಣೆಯನ್ನು ಕಂಡು ಊರಿಗೆ ಊರೇ ಒಂದೇ ಸಸಿಯನ್ನು ನೆಟ್ಟರೆ, ಕೊಯ್ಲಿನ ವೇಳೆಗೆ ಆ ಧಾರಣೆ ಇರಲಾರದು.

ಗಿರಾಕಿಯ ವರಮಾನವೂ ಧಾರಣೆಯಷ್ಟೇ ಮುಖ್ಯವಾದುದು. ವರಮಾನ ಹೆಚ್ಚಿದಂತೆ ಅದರಲ್ಲಿ ಆಹಾರಕ್ಕೆ ಸಲ್ಲುವ ಪಾಲು ಕಡಿಮೆಯಾಗುವುದೆಂದು ಜರ್ಮನಿಯ ಎಂಗೆಲ್ ಎಂಬ ವಿದ್ವಾಂಸರು 1857ರಲ್ಲಿಯೇ ತಿಳಿಸಿದರು. ಭಾರತ ಸರ್ಕಾರದ ಸಮೀಕ್ಷೆಗಳಿಂದಲೂ ಇದು ವಿದಿತವಾಗುವುದು. 1999-2000ರಲ್ಲಿ ಗ್ರಾಮವಾಸಿಗಳ ಖರ್ಚಿನಲ್ಲಿ ನೂರಕ್ಕೆ ಸುಮಾರು 59ರಷ್ಟು ಆಹಾರಕ್ಕೆ ಸಲ್ಲುತ್ತಿದ್ದಿತು. 2022-23ರಲ್ಲಿ ಅದು ಸುಮಾರು 46ಕ್ಕಿಳಿಯಿತು. ಇದೇ ಅವಧಿಯಲ್ಲಿ ಧಾನ್ಯಗಳ ಪಾಲು ಸುಮಾರು 22ರಿಂದ 5ಕ್ಕಿಳಿದು, ಹಾಲು ಮತ್ತು ಹಾಲಿನ ಪದಾರ್ಥಗಳ ಪಾಲು ಅದಕ್ಕಿಂತ ಹೆಚ್ಚಾಯಿತು. ಸರ್ಕಾರದಿಂದ ಅಗ್ಗವಾಗಿಯೂ ಉಚಿತವಾಗಿಯೂ ದೊರೆಯುವ ಧಾನ್ಯವು ಇದಕ್ಕೆ ಒಂದು ಕಾರಣ. ವರಮಾನದ ವೃದ್ಧಿ ಮತ್ತೊಂದು. ಕೈಯಲ್ಲಿ ನಾಲ್ಕು ಕಾಸು ಹೆಚ್ಚಾಗಿ ಆಡಿದರೆ ಜನರು ಹಾಲು, ಮೊಟ್ಟೆ, ಹಣ್ಣುಗಳನ್ನು ಕೊಳ್ಳುವರೇ ಹೊರತು ಇನ್ನೊಂದು ಸೇರು ಅಕ್ಕಿಯನ್ನಲ್ಲ.

ಅಭಿರುಚಿಯೂ ಬದಲಾಗತಕ್ಕದ್ದೇ. ಹಿಂದೆ ಬಡವರ ಆಹಾರವೆನಿಸಿದ್ದ ರಾಗಿಯನ್ನು ಈಗ ಪಟ್ಟಣದ ಅನುಕೂಲಸ್ಥರು ಆರೋಗ್ಯದ ದೃಷ್ಟಿಯಿಂದ ಕೇಳಿ ಕೊಳ್ಳುತ್ತಿರುವರು.

ಈ ಸಂಗತಿಗಳಿಂದ ಗ್ರಾಮದ ಮುಖಂಡರೂ ಜಮೀನುದಾರರೂ ಗಮನಿಸಬೇಕಾದುವು ಮೂರು. ಒಂದನೆಯದು, ಕಳೆದ ವರ್ಷದ ಧಾರಣೆಯೊಂದನ್ನೇ ನಂಬಿ ಸಮಸ್ತ ಭೂಮಿಗೂ ಒಂದೇ ಬೆಳೆಯನ್ನು ಇಡಬಾರದು. ಎರಡನೆಯದು, ರಾಗಿಯಂತೆ ಬಹುಕಾಲ ಕೆಡದ ಧಾನ್ಯವನ್ನು ಸುಗ್ಗಿಯಲ್ಲಿಯೇ ಪೂರಾ ಮಾರದೆ, ಒಂದು ಭಾಗವನ್ನಾದರೂ ದಾಸ್ತಾನಿಟ್ಟು ಕ್ರಮವಾಗಿ ವಿಕ್ರಯಿಸಬೇಕು. ಬೇಗ ಕೆಡುವ ತರಕಾರಿಯನ್ನು ಬೇರೆ ಬೇರೆ ವಾರಗಳಲ್ಲಿ ನಾಟಿಮಾಡಬೇಕು. ಮೂರನೆಯದು, ಧಾನ್ಯದ ಜೊತೆಗೆ ಹೈನು, ಕೋಳಿ, ಹಣ್ಣಿನ ಗಿಡಗಳಲ್ಲಿ ಯಾವುದಾದರೊಂದನ್ನು ಇಟ್ಟುಕೊಳ್ಳಬೇಕು. ಬಿತ್ತುವ ಮುನ್ನ ಮಳೆಯನ್ನು ವಿಚಾರಿಸುವಂತೆ ಗಿರಾಕಿಯನ್ನೂ ವಿಚಾರಿಸುವುದು ಬೇಸಾಯಗಾರನಿಗೆ ಶ್ರೇಯಸ್ಕರವಾದುದು.